ಮನೆಯ ಲೆಕ್ಕದೊಳಗಿನ ಮಗು: ಕಂಬಂ ಕಣಿವೆ ಮತ್ತು ದಿಂಡಿಗಲ್ಲಿನ ಹಿನ್ನೆಲೆಯಲ್ಲಿ ಬಾಲಬಡತನದ ನೀತಿಯ ವಿಮರ್ಶೆ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ, ಗೂಡಲೂರು, ಬೋಡಿನಾಯಕನೂರು ಮೊದಲಾದ ಊರುಗಳಿಂದ ಬೆಳಗು ಹರಿಯುವ ಮುನ್ನವೇ ಜೀಪುಗಳು ಘಟ್ಟ ಹತ್ತುತ್ತವೆ. ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟುಗಳ ದಾರಿಯಾಗಿ ಅವು ಕೇರಳದ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳನ್ನು ಸೇರುತ್ತವೆ. ಅವುಗಳಲ್ಲಿ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರು. ದಿನವಿಡೀ ದುಡಿದು ಸಂಜೆಗೆ ಕಣಿವೆಗೆ ಮರಳುವ ಇವರ ಕೂಲಿ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ. ಇಂಥ ಮನೆಯಲ್ಲಿ ಬೆಳಗಿನ ಹೊತ್ತು ಎದ್ದೇಳುವ ಮಗುವನ್ನು ಸಮಾಜಕಲ್ಯಾಣದ ನೀತಿಯು ಯಾವ ಕಣ್ಣಿನಿಂದ ಕಾಣುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಬಾಲಬಡತನವನ್ನು ಕುರಿತ ಚರ್ಚೆಯಲ್ಲಿ ‘ಎಷ್ಟು ಮಕ್ಕಳು ಬಡವರು’ ಎಂದು ಕೇಳುವುದು ವಾಡಿಕೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಮಗುವನ್ನು ಯಾವ ಘಟಕದೊಳಗೆ ಇಟ್ಟು ಎಣಿಸಲಾಗುತ್ತಿದೆ? ಭಾರತದ ನೀತಿಯಲ್ಲಿ ಮಗುವು ಸಾಮಾನ್ಯವಾಗಿ ಮೂರು ಘಟಕಗಳ ಮೂಲಕ ಗೋಚರಿಸುತ್ತದೆ. ಮೊದಲನೆಯದು ಮನೆ, ಎರಡನೆಯದು ರಾಜ್ಯ, ಮೂರನೆಯದು ಜಾತಿವರ್ಗದ ಪಟ್ಟಿ. ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳಲ್ಲಿ ಈ ಮೂರೂ ಘಟಕಗಳು ಮಗುವನ್ನು ಎಷ್ಟರಮಟ್ಟಿಗೆ ಕಾಣಿಸುತ್ತವೆಯೋ ಅಷ್ಟರಮಟ್ಟಿಗೆ ಮರೆಮಾಡುತ್ತವೆ ಕೂಡ. ಈ ಪ್ರದೇಶದಲ್ಲಿ ಶತಮಾನಗಳಿಂದ ನೆಲೆಸಿರುವ ಕನ್ನಡ ಮನೆಮಾತಿನ ಸಮುದಾಯಗಳ ಮಕ್ಕಳ ವಿಷಯದಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಏಳುತ್ತದೆ: ಭಾಷೆಯನ್ನು ಅಸಮಾನತೆಯ ಒಂದು ಆಯಾಮವೆಂದು ಎಣಿಸಬೇಕೇ, ಎಣಿಸುವುದಾದರೆ ಹೇಗೆ?

1. ಸಾಧನೆಯ ಸ್ವರೂಪ

ವಿಮರ್ಶೆಯು ಸಾಧನೆಯನ್ನು ಒಪ್ಪಿಕೊಂಡೇ ಆರಂಭವಾಗಬೇಕು. ಶಾಲಾಮಕ್ಕಳಿಗೆ ಊಟವೀಯುವ ಕಾರ್ಯದಲ್ಲಿ ತಮಿಳುನಾಡಿನದು ದೇಶದಲ್ಲೇ ಹಳೆಯ ಪರಂಪರೆ. 1920ರ ದಶಕದಲ್ಲಿ ಮದರಾಸು ನಗರಸಭೆಯ ಶಾಲೆಯಲ್ಲಿ ಕಾಣಿಸಿಕೊಂಡ ಈ ಪ್ರಯೋಗ, 1950ರ ದಶಕದಲ್ಲಿ ಕಾಮರಾಜರ ಆಡಳಿತದಲ್ಲಿ ರಾಜ್ಯವ್ಯಾಪಿಯಾಯಿತು. 1982ರ ಜುಲೈಯಲ್ಲಿ ಎಂ. ಜಿ. ರಾಮಚಂದ್ರನ್ ಸರ್ಕಾರವು ಅದನ್ನು ಪೌಷ್ಟಿಕ ಆಹಾರ ಯೋಜನೆಯಾಗಿ ವಿಸ್ತರಿಸಿ, ಶಾಲಾಪೂರ್ವ ವಯಸ್ಸಿನ ಮಕ್ಕಳನ್ನೂ ಒಳಗೊಳಿಸಿತು. ‘ಇಷ್ಟೊಂದು ವೆಚ್ಚ ವ್ಯರ್ಥ’ ಎಂಬ ಆಕ್ಷೇಪ ಆ ಕಾಲದಲ್ಲಿ ಪ್ರಬಲವಾಗಿತ್ತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯಗೊಳಿಸುವ ವೇಳೆಗೆ ತಮಿಳುನಾಡು ಎರಡು ದಶಕಗಳಷ್ಟು ಮುಂದಿತ್ತು. ಕರ್ನಾಟಕದ ‘ಅಕ್ಷರ ದಾಸೋಹ’ ಆರಂಭವಾದದ್ದೂ ಆ ತೀರ್ಪಿನ ಆಸುಪಾಸಿನಲ್ಲೇ.

ಪಡಿತರದ ವಿಷಯದಲ್ಲಿಯೂ ಇದೇ ನಿಲುವು. 1997ರಲ್ಲಿ ಕೇಂದ್ರವು ಪಡಿತರವನ್ನು ಬಡತನರೇಖೆಗೆ ಕಟ್ಟಿಹಾಕಿದಾಗ, ತಮಿಳುನಾಡು ಸಾರ್ವತ್ರಿಕ ವ್ಯವಸ್ಥೆಯನ್ನೇ ಉಳಿಸಿಕೊಂಡಿತು. ಬಡವರಿಗಷ್ಟೇ ಗುರಿಯಿಟ್ಟ ಯೋಜನೆಗಳಿಗಿಂತ ಎಲ್ಲರನ್ನೂ ಒಳಗೊಳ್ಳುವ ಯೋಜನೆಗಳೇ ಅಸಮಾನತೆಯನ್ನು ಹೆಚ್ಚು ತಗ್ಗಿಸುತ್ತವೆ ಎಂದು ವಾಲ್ಟರ್ ಕೊರ್ಪಿ ಮತ್ತು ಯೋಕಿಮ್ ಪಾಲ್ಮೆ 1998ರಲ್ಲಿ ಮುಂದಿಟ್ಟ ವಾದ ಯುರೋಪಿನ ಅನುಭವದಿಂದ ಹುಟ್ಟಿದ್ದು. ಅದಕ್ಕೆ ದಕ್ಷಿಣ ಭಾರತದಲ್ಲಿ ಸಮರ್ಥನೆ ಹುಡುಕುವವರಿಗೆ ತಮಿಳುನಾಡು ಮೊದಲು ಒದಗುತ್ತದೆ. ಜಾನ್ ಡ್ರೆಜ್ ಮತ್ತು ಅಮರ್ತ್ಯ ಸೇನ್ 2013ರ ತಮ್ಮ ಗ್ರಂಥದಲ್ಲಿ ಕೇರಳ, ಹಿಮಾಚಲ ಪ್ರದೇಶಗಳ ಜೊತೆಗೆ ಈ ರಾಜ್ಯವನ್ನು ಮಾದರಿಯಾಗಿ ಎತ್ತಿಕೊಂಡದ್ದು ಇದೇ ಕಾರಣದಿಂದ. ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದ 2023ರ ವರದಿಯ ಪ್ರಕಾರ ತಮಿಳುನಾಡಿನಲ್ಲಿ ಬಡತನದ ಪ್ರಮಾಣ ಶೇ. 2.20, ಕರ್ನಾಟಕದಲ್ಲಿ ಶೇ. 7.58.

ಮೈರನ್ ವೈನರ್ 1991ರ ತಮ್ಮ ಕೃತಿಯಲ್ಲಿ, ಭಾರತದ ಮಕ್ಕಳು ಶಾಲೆಯ ಹೊರಗುಳಿಯಲು ದೇಶದ ಬಡತನಕ್ಕಿಂತ ಹೆಚ್ಚಾಗಿ ಆಳುವ ಮಧ್ಯಮವರ್ಗದ ನಂಬಿಕೆಗಳೇ ಕಾರಣವೆಂದು ವಾದಿಸಿದ್ದರು. ದುಡಿಯುವವರ ಮಕ್ಕಳು ದುಡಿಯುವುದಕ್ಕೇ ಹುಟ್ಟಿದವರು ಎಂಬ ನಂಬಿಕೆ ಅದು. ದ್ರಾವಿಡ ರಾಜಕಾರಣವು ಪ್ರಾಥಮಿಕ ಶಾಲೆಯ ಮಟ್ಟದಲ್ಲಿ ಆ ನಂಬಿಕೆಯನ್ನು ಬಹುಮಟ್ಟಿಗೆ ಮುರಿಯಿತೆನ್ನಲು ಅಡ್ಡಿಯಿಲ್ಲ. ಆದರೆ ಪ್ರಾಥಮಿಕ ಶಾಲೆಯ ಬಾಗಿಲು ದಾಟಿದ ಬಳಿಕ ಏನಾಯಿತು? ದಿಂಡಿಗಲ್ಲಿನ ನೂಲಿನ ಗಿರಣಿಗಳು ಎತ್ತುವ ಪ್ರಶ್ನೆ ಇದು.

2. ಮನೆ ಎಂಬ ಘಟಕ

ನೀತಿ ಆಯೋಗದ ಸೂಚ್ಯಂಕದಲ್ಲಿ ಹನ್ನೆರಡು ಸೂಚಕಗಳಿವೆ. ಶಿಕ್ಷಣಕ್ಕೆ ಸಂಬಂಧಿಸಿದವು ಎರಡು. ಹತ್ತು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಯಾರೊಬ್ಬರೂ ಆರು ವರ್ಷಗಳ ಶಾಲಾಶಿಕ್ಷಣವನ್ನು ಪೂರೈಸದಿದ್ದರೆ ಆ ಮನೆ ವಂಚಿತವೆಂಬುದು ಒಂದು. ಎಂಟನೆಯ ತರಗತಿಯನ್ನು ಮುಗಿಸುವ ವಯಸ್ಸಿನವರೆಗಿನ ಯಾವುದಾದರೂ ಮಗು ಶಾಲೆಗೆ ಹೋಗದಿದ್ದರೆ ಆ ಮನೆ ವಂಚಿತವೆಂಬುದು ಮತ್ತೊಂದು. ಎರಡರಲ್ಲೂ ವಂಚನೆಗೆ ಒಳಗಾಗುವುದು ‘ಮನೆ’ಯೇ ಹೊರತು ಮಗುವಲ್ಲ. ಅಣ್ಣನೊಬ್ಬ ಆರನೆಯ ತರಗತಿ ಮುಗಿಸಿದ್ದರೆ ಸಾಕು, ಮನೆಯವರೆಲ್ಲರೂ ಆ ಸೂಚಕದಲ್ಲಿ ಪಾರಾದಂತೆ. ಎಂಟನೆಯ ತರಗತಿ ಮುಗಿಸಿ ಹದಿನೈದನೆಯ ವಯಸ್ಸಿಗೆ ಗಿರಣಿ ಸೇರಿದ ಹುಡುಗಿ ಈ ಎರಡು ಸೂಚಕಗಳಲ್ಲಿ ಯಾವುದರಲ್ಲಿಯೂ ಕಾಣಿಸುವುದಿಲ್ಲ. ಆಕೆ ಮನೆಗೆ ತರುವ ಹಣದಿಂದ ಅಡುಗೆ ಅನಿಲವೋ ಬ್ಯಾಂಕು ಖಾತೆಯೋ ದಕ್ಕಿದರೆ ಸೂಚ್ಯಂಕದಲ್ಲಿ ಆ ಮನೆಯ ಸ್ಥಿತಿ ಉತ್ತಮಗೊಳ್ಳುತ್ತದೆ. ಮಗುವಿನ ನಷ್ಟವು ಮನೆಯ ಲಾಭವಾಗಿ ದಾಖಲಾಗುವ ಈ ವೈಪರೀತ್ಯ ಅಳತೆಯ ರಚನೆಯಲ್ಲಿಯೇ ಅಡಗಿದೆ.

ಈ ಮಾತು ಬರಿಯ ತರ್ಕವಲ್ಲ. 1985ರಲ್ಲಿ ಮಧುರೆಯಿಂದ ಬೇರ್ಪಟ್ಟ ದಿಂಡಿಗಲ್ ಜಿಲ್ಲೆಯಲ್ಲಿ, ವಿಶೇಷವಾಗಿ ವೇಡಸಂದೂರಿನ ಸುತ್ತಮುತ್ತ, ನೂಲಿನ ಗಿರಣಿಗಳು ದಟ್ಟವಾಗಿ ಬೆಳೆದವು. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಜಿಲ್ಲೆಗಳ ಗಿರಣಿಗಳಲ್ಲಿ ‘ಸುಮಂಗಲಿ ಯೋಜನೆ’ ಎಂದು ಹೆಸರಾದ ನೇಮಕಾತಿಯ ಪದ್ಧತಿ ಬಹುಕಾಲ ಚಾಲ್ತಿಯಲ್ಲಿತ್ತು. ಮದುವೆಯಾಗದ ಹದಿಹರೆಯದ ಹುಡುಗಿಯರನ್ನು ಸುಮಾರು ಮೂರು ವರ್ಷಗಳ ಅವಧಿಗೆ ‘ಅಪ್ರೆಂಟಿಸ್’ ಎಂದು ಸೇರಿಸಿಕೊಂಡು, ಗಿರಣಿಯ ಆವರಣದ ವಸತಿಗೃಹದಲ್ಲಿಯೇ ಇರಿಸಿಕೊಂಡು, ಅವಧಿಯ ಕೊನೆಯಲ್ಲಿ ಇಡಿಗಂಟನ್ನು ಕೊಡುವುದಾಗಿ ಹೇಳಲಾಗುತ್ತಿತ್ತು. ಆ ಗಂಟು ಮದುವೆಯ ಖರ್ಚಿಗೆ, ಅಂದರೆ ವರದಕ್ಷಿಣೆಗೆ, ಎಂಬುದು ಯೋಜನೆಯ ಹೆಸರಿನಲ್ಲೇ ಅಡಗಿತ್ತು. ಅವಧಿಗೆ ಮುನ್ನ ಬಿಟ್ಟವರಿಗೆ ಗಂಟು ಕೈತಪ್ಪುವುದು, ಹೊರಗೆ ಓಡಾಡಲು ನಿರ್ಬಂಧ, ಮಿತಿಮೀರಿದ ದುಡಿಮೆಯ ವೇಳೆ ಮೊದಲಾದ ಸಂಗತಿಗಳನ್ನು ನೆದರ್ಲೆಂಡಿನ ಸೋಮೋ ಮೊದಲಾದ ಸಂಸ್ಥೆಗಳ 2011 ಮತ್ತು 2014ರ ವರದಿಗಳು ವಿವರವಾಗಿ ದಾಖಲಿಸಿವೆ.

ಇಲ್ಲಿ ಕಾನೂನಿನ ಬಿರುಕನ್ನು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದು ಆರರಿಂದ ಹದಿನಾಲ್ಕು ವಯಸ್ಸಿನವರಿಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕಕ್ಕಿಂತ ಕೆಳಗಿನ ಮಕ್ಕಳ ದುಡಿಮೆಯನ್ನು, ಕುಟುಂಬದ ಉದ್ಯಮದಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಷೇಧಿಸಿತು. ಹದಿನಾಲ್ಕರಿಂದ ಹದಿನೆಂಟರವರೆಗಿನವರಿಗೆ ಅಪಾಯಕಾರಿ ಎಂದು ಪಟ್ಟಿಮಾಡಿದ ಕೆಲಸಗಳು ಮಾತ್ರ ನಿಷಿದ್ಧ. ಹೀಗೆ ಶಾಲೆಯ ಹಕ್ಕು ಮುಗಿಯುವ ವಯಸ್ಸಿಗೇ ದುಡಿಮೆಯ ಅನುಮತಿ ಆರಂಭವಾಗುತ್ತದೆ. ಸುಮಂಗಲಿ ಪದ್ಧತಿ ಬೇರೂರಿದ್ದು ಸರಿಯಾಗಿ ಈ ಸಂದಿನಲ್ಲಿಯೇ.

ಇನ್ನೂ ಗಂಭೀರವಾದ ಸಂಗತಿಯೆಂದರೆ, ರಾಜ್ಯದ ಕಲ್ಯಾಣನೀತಿಯೂ ಗಿರಣಿಯ ತರ್ಕದಿಂದ ಪೂರ್ಣವಾಗಿ ಬೇರೆಯಾಗಿರಲಿಲ್ಲ. 1989ರಲ್ಲಿ ಮೂವಲೂರು ರಾಮಾಮಿರ್ತಂ ಅಮ್ಮೈಯಾರ್ ಹೆಸರಿನಲ್ಲಿ ಆರಂಭವಾದ ವಿವಾಹ ನೆರವಿನ ಯೋಜನೆಯು ಹೆಣ್ಣುಮಕ್ಕಳ ಓದಿಗೆ ಷರತ್ತು ವಿಧಿಸಿ, ಮದುವೆಯ ಹೊತ್ತಿಗೆ ಹಣವನ್ನು ನೀಡುತ್ತಿತ್ತು. ಉದ್ದೇಶ ಓದಿಗೆ ಪ್ರೋತ್ಸಾಹ. ಆದರೆ ಹಣ ಕೈಸೇರುತ್ತಿದ್ದುದು ಮದುವೆಯ ಹೊಸ್ತಿಲಲ್ಲಿ. ಹುಡುಗಿಯ ಹದಿಹರೆಯವನ್ನು ಮದುವೆಗಾಗಿ ಕೂಡಿಡುವ ಕಾಲವೆಂದು ಕಾಣುವುದರಲ್ಲಿ ಸರ್ಕಾರದ ಯೋಜನೆಗೂ ಗಿರಣಿಯ ಕರಾರಿಗೂ ನಡುವೆ ಒಂದು ಅನುದ್ದೇಶಿತ ಸಾಮ್ಯವಿತ್ತು. 1992ರಲ್ಲಿ ಸೇಲಂನಲ್ಲಿ ಆರಂಭಗೊಂಡು 2001ರಲ್ಲಿ ಮಧುರೆ, ತೇನಿ, ದಿಂಡಿಗಲ್, ಧರ್ಮಪುರಿಗಳಿಗೆ ವಿಸ್ತರಿಸಿದ ‘ತೊಟ್ಟಿಲು ಮಗು’ ಯೋಜನೆಯನ್ನೂ ಇದರೊಡನೆ ಇಟ್ಟು ಓದಬೇಕು. ಹುಟ್ಟಿದ ಹೆಣ್ಣುಶಿಶುವನ್ನು ಕೊಲ್ಲುವ ಬದಲು ಸರ್ಕಾರದ ತೊಟ್ಟಿಲಿಗೆ ಒಪ್ಪಿಸಿ ಎಂಬುದು ಅದರ ಕರೆ. ಹುಟ್ಟಿನಲ್ಲಿ ತೊಟ್ಟಿಲು, ಹರೆಯದ ಕೊನೆಯಲ್ಲಿ ಮದುವೆಯ ಹಣ. ಇವೆರಡರ ನಡುವಿನ ಹಲವು ವರ್ಷಗಳಲ್ಲಿ ಹುಡುಗಿಯನ್ನು ‘ಹೊರೆ’ ಎನ್ನುವ ಎಣಿಕೆಯನ್ನು ಈ ಯೋಜನೆಗಳು ಪ್ರಶ್ನಿಸಲಿಲ್ಲ. ಹೊರೆಯ ಭಾರವನ್ನು ಹಂಚಿಕೊಳ್ಳಲಷ್ಟೇ ಮುಂದಾದವು.

2022ರಲ್ಲಿ ವಿವಾಹ ನೆರವಿನ ಯೋಜನೆಯನ್ನು ‘ಪುದುಮೈ ಪೆಣ್’ ಎಂಬ ಉನ್ನತ ಶಿಕ್ಷಣದ ನೆರವಿನ ಯೋಜನೆಯಾಗಿ ಮಾರ್ಪಡಿಸಿದ್ದು ಆ ಕಾರಣದಿಂದ ಮಹತ್ವದ ತಿರುವು. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1000 ರೂಪಾಯಿ ಸಲ್ಲುತ್ತದೆ. ಹಣ ಮದುವೆಯಿಂದ ಓದಿನ ಕಡೆಗೆ ಸರಿದದ್ದು ಪರಿಕಲ್ಪನೆಯಲ್ಲಿಯೇ ಆದ ಬದಲಾವಣೆ. ಹಾಗಿದ್ದೂ ಒಂದು ಆಕ್ಷೇಪ ಉಳಿಯುತ್ತದೆ. ಈ ನೆರವು ದೊರೆಯುವುದು ಕಂದರವನ್ನು ದಾಟಿ ಆಚೆಯ ದಡ ಸೇರಿದವರಿಗೆ. ಹತ್ತನೆಯ ತರಗತಿಯಲ್ಲಿ ನಿಂತು ಗಿರಣಿಗೋ ತೋಟಕ್ಕೋ ಹೋದ ಹುಡುಗಿಗೆ ದಾಟುವ ವೇಳೆಯಲ್ಲಿ ಸೇತುವೆಯಿಲ್ಲ.

ಗಿರಣಿಗಳ ಮತ್ತು ಉಡುಪು ಕಾರ್ಖಾನೆಗಳ ಒಳಗಿನ ಬದಲಾವಣೆಯೂ ಮಕ್ಕಳ ನೀತಿಯಿಂದಷ್ಟೇ ಬರಲಿಲ್ಲ. 2022ರ ಏಪ್ರಿಲಿನಲ್ಲಿ ಸಹಿಯಾದ ‘ದಿಂಡಿಗಲ್ ಒಪ್ಪಂದ’ವು ಹಿಂದಿನ ವರ್ಷ ದಲಿತ ಯುವ ಕಾರ್ಮಿಕಳೊಬ್ಬಳ ಕೊಲೆಯ ಬಳಿಕ ದಲಿತ ಮಹಿಳೆಯರ ನಾಯಕತ್ವದ ಕಾರ್ಮಿಕ ಸಂಘವೊಂದು ನಡೆಸಿದ ಹೋರಾಟದ ಫಲ. ಬಾಲ್ಯ ಮತ್ತು ದುಡಿಮೆಯ ನಡುವಿನ ಗಡಿಯನ್ನು ಕಾಯುವವರು ಕಲ್ಯಾಣ ಇಲಾಖೆಯವರು ಮಾತ್ರವಲ್ಲ, ಸಂಘಟಿತ ದುಡಿಮೆಗಾರರೂ ಹೌದು ಎಂಬುದನ್ನು ಬಾಲಬಡತನದ ಸಾಹಿತ್ಯ ಸಾಕಷ್ಟು ಗಮನಿಸಿಲ್ಲ.

ಮಗುವನ್ನೇ ಘಟಕವಾಗಿ ಎಣಿಸುವ ಪ್ರಯತ್ನಗಳು ಇಲ್ಲವೆಂದಲ್ಲ. ಪೀಟರ್ ಟೌನ್‌ಸೆಂಡ್ ಒಳಗೊಂಡ ಬ್ರಿಸ್ಟಲ್ ವಿದ್ವಾಂಸರ ತಂಡವು ಯುನಿಸೆಫ್‌ಗಾಗಿ ಸಿದ್ಧಪಡಿಸಿದ 2003ರ ಅಧ್ಯಯನದಲ್ಲಿ ಮಗುವಿನ ವಂಚನೆಗಳನ್ನು ನೇರವಾಗಿ ಅಳೆಯಿತು. ಆದರೆ ಅದರ ತೀವ್ರ ಶಿಕ್ಷಣವಂಚನೆಯ ಮಾನದಂಡವು ಎಂದೂ ಶಾಲೆಗೆ ಹೋಗದ ಮಗುವಿಗೆ ಮೀಸಲಾಗಿತ್ತು. ಎಂಟು ವರ್ಷ ಓದಿ ನಿಂತ ದಿಂಡಿಗಲ್ಲಿನ ಹುಡುಗಿ ಅಲ್ಲಿಯೂ ಎಣಿಕೆಗೆ ಸಿಗುವುದಿಲ್ಲ. ತಮಿಳುನಾಡಿನಂಥ ಮುಂದುವರಿದ ರಾಜ್ಯಕ್ಕೆ ಬೇಕಾದದ್ದು ಟೌನ್‌ಸೆಂಡರೇ ಬೇರೆಡೆ ಪ್ರತಿಪಾದಿಸಿದ ಸಾಪೇಕ್ಷ ವಂಚನೆಯ ಅಳತೆ: ತನ್ನ ಓರಗೆಯವರಿಗೆ ಸಹಜವೆನಿಸಿದ್ದು ಈ ಮಗುವಿಗೆ ಯಾಕೆ ದಕ್ಕಲಿಲ್ಲ ಎಂಬ ಪ್ರಶ್ನೆ.

3. ರಾಜ್ಯ ಎಂಬ ಘಟಕ

ಕಂಬಂ ಕಣಿವೆ ಹಸಿರಾದದ್ದು 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನಿಂದ. ಘಟ್ಟದ ಆಚೆಯ ನೀರು ಈಚೆಗೆ ಹರಿದಂತೆ, ಈಚೆಯ ದುಡಿಮೆ ಆಚೆಗೆ ಹರಿಯುತ್ತದೆ. ಇಡುಕ್ಕಿಯಲ್ಲಿ ಬೆಳೆದ ಏಲಕ್ಕಿ ಬೋಡಿನಾಯಕನೂರಿನ ಹರಾಜುಕಟ್ಟೆಗೆ ಬರುತ್ತದೆ. ಅದನ್ನು ಗಾತ್ರ, ಬಣ್ಣಗಳಿಗನುಸಾರ ಆರಿಸುವವರು ಮತ್ತೆ ಕಣಿವೆಯ ಹೆಂಗಸರೇ. ಆರ್ಥಿಕವಾಗಿ ಇದು ಒಂದೇ ಪ್ರದೇಶ, ಆಡಳಿತದ ದೃಷ್ಟಿಯಲ್ಲಿ ಎರಡು.

1951ರ ತೋಟ ಕಾರ್ಮಿಕರ ಕಾಯಿದೆಯು ನಿರ್ದಿಷ್ಟ ಸಂಖ್ಯೆಯ ಮಹಿಳಾ ಕಾರ್ಮಿಕರಿರುವ ತೋಟಗಳಲ್ಲಿ ಶಿಶುಪಾಲನಾ ಕೇಂದ್ರವನ್ನೂ, ಕಾರ್ಮಿಕರ ಮಕ್ಕಳಿಗೆ ಶಿಕ್ಷಣದ ಅನುಕೂಲವನ್ನೂ ಕಲ್ಪಿಸಿತು. ಅದರ ಕಲ್ಪನೆಯ ಹಿಂದಿದ್ದದ್ದು ತೋಟದ ಪಾಡಿಯಲ್ಲಿಯೇ ಸಂಸಾರ ಹೂಡಿದ ಕಾರ್ಮಿಕ. ದಿನನಿತ್ಯ ಗಡಿ ದಾಟುವ ದಿನಗೂಲಿಯವಳ ಮಗು ತೋಟದಿಂದ ದೂರ, ಇನ್ನೊಂದು ರಾಜ್ಯದಲ್ಲಿ ಉಳಿಯುತ್ತದೆ. ಏಲಕ್ಕಿಯ ಹಿಡುವಳಿಗಳಲ್ಲಿ ಅನೇಕವು ಕಾಯಿದೆಯ ಅಳವಿಗೆ ಸಿಗದಷ್ಟು ಸಣ್ಣವು. ಹೀಗಾಗಿ ಆ ತಾಯಿಯ ದುಡಿಮೆಯಿಂದ ಲಾಭ ಪಡೆಯುವ ಕೃಷಿಗೆ ಆಕೆಯ ಮಗುವಿನ ಪಾಲನೆಯ ಹೊಣೆಯಿಲ್ಲ. ಆ ಹೊಣೆ ಅಜ್ಜಿಯದು, ಹಿರಿಯ ಮಗಳದು, ಅಥವಾ ತೇನಿಯ ಅಂಗನವಾಡಿಯದು. ಹಿರಿಯ ಮಗಳು ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊತ್ತು ಯಾವ ಸಮೀಕ್ಷೆಯಲ್ಲಿಯೂ ಬಾಲದುಡಿಮೆಯಾಗಿ ಸುಲಭಕ್ಕೆ ಸೇರುವುದಿಲ್ಲ.

ಈ ವ್ಯವಸ್ಥೆ ಎಷ್ಟು ಬೇಗ ಕುಸಿಯಬಲ್ಲದೆಂಬುದಕ್ಕೆ ಎರಡು ಸಂದರ್ಭಗಳು ಸಾಕ್ಷಿ. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ವಿವಾದ ಭುಗಿಲೆದ್ದಾಗ ತಮಿಳು ಕಾರ್ಮಿಕರು ಭಯದಿಂದ ಘಟ್ಟವಿಳಿದು ಬಂದರು. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿತು. ಅದೇ ಅವಧಿಯಲ್ಲಿ ಶಾಲೆಯ ಬಿಸಿಯೂಟವೂ ನಿಂತಿತು. ಕೂಲಿ ಮತ್ತು ಊಟ ಒಟ್ಟಿಗೆ ನಿಂತುಹೋದಾಗ ರಾಜ್ಯಮಟ್ಟದ ಸರಾಸರಿಯು ಇಂಥ ಕಣಿವೆಯ ಸ್ಥಿತಿಯನ್ನು ಹೇಳಲಾರದು.

4. ಮನೆಮಾತಿನ ಪ್ರಶ್ನೆ

1906ರ ಮಧುರೆ ಜಿಲ್ಲಾ ಗೆಜೆಟಿಯರ್ ಮತ್ತು 1909ರ ಥರ್ಸ್ಟನ್ ಸಂಪುಟಗಳು ಈ ಪ್ರದೇಶದ ಕಪ್ಪಿಲಿಯರು, ಅನುಪ್ಪರು ಎಂಬ ಕನ್ನಡ ಮಾತನಾಡುವ ಒಕ್ಕಲು ಸಮುದಾಯಗಳನ್ನು ದಾಖಲಿಸಿವೆ. ಅವರೊಡನೆ ನೇಕಾರ ದೇವಾಂಗರು, ಕುರುಂಬ ಗೌಂಡರು ಮೊದಲಾದವರೂ ಸೇರುತ್ತಾರೆ. 2011ರ ಜನಗಣತಿಯಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇ. 1.78. ತೇನಿ, ದಿಂಡಿಗಲ್‌ಗಳಲ್ಲಿ ಕನ್ನಡವು ಮುಖ್ಯವಾಗಿ ಮನೆಯೊಳಗಿನ, ನೆಂಟರಿಷ್ಟರ ನಡುವಿನ ಮಾತು, ಓದುಬರಹ ತಮಿಳಿನದು.

ಭಾಷಾ ಅಲ್ಪಸಂಖ್ಯಾತರ ಅಧ್ಯಯನಗಳಲ್ಲಿ ಇಲ್ಲೊಂದು ಸುಲಭದ ಜಾರುದಾರಿಯಿದೆ. ಅಲ್ಪಸಂಖ್ಯಾತ ಭಾಷೆ ಎಂದರೆ ವಂಚಿತ ಭಾಷೆ, ವಂಚಿತ ಭಾಷೆಯ ಮಗು ಎಂದರೆ ಬಡ ಮಗು ಎಂಬ ಸಮೀಕರಣವೇ ಅದು. ಕಂಬಂ ಕಣಿವೆಯಲ್ಲಿ ಈ ಸಮೀಕರಣ ನಿಲ್ಲುವುದಿಲ್ಲ. ದ್ರಾಕ್ಷಿಚಪ್ಪರದ ಒಡೆಯನ ಮನೆಯಲ್ಲಿಯೂ, ಜೀಪು ಹತ್ತಿ ತೋಟಕ್ಕೆ ಹೋಗುವವಳ ಮನೆಯಲ್ಲಿಯೂ ಕನ್ನಡ ಕೇಳಿಬರಬಹುದು. ಇಬ್ಬರ ಮಕ್ಕಳನ್ನೂ ‘ಕನ್ನಡ ಮಕ್ಕಳು’ ಎಂಬ ಒಂದೇ ಅಂಕಣಕ್ಕೆ ಸೇರಿಸಿದರೆ ಭೂಮಿ ಮತ್ತು ಜಾತಿಯ ಅಂತರ ಅಳಿಸಿಹೋಗುತ್ತದೆ. ತಮಿಳುನಾಡಿನ ಮೀಸಲಾತಿ ಪಟ್ಟಿಯು ಕಪ್ಪಿಲಿಯ ಒಕ್ಕಲಿಗರನ್ನೂ ದೇವಾಂಗರನ್ನೂ ಹಿಂದುಳಿದ ವರ್ಗದಲ್ಲಿ, ಕುರುಂಬ ಗೌಂಡರನ್ನು ಅತಿ ಹಿಂದುಳಿದ ವರ್ಗದಲ್ಲಿ ಇರಿಸುವ ಮೂಲಕ ಈ ಅಂತರದ ಒಂದಂಶವನ್ನು ಗುರುತಿಸಿದೆ. ಆದರೆ ಒಂದೇ ಪಟ್ಟಿಯೊಳಗಿನ ಭೂಮಾಲೀಕ ಮತ್ತು ಕೂಲಿಯ ನಡುವಿನ ಅಂತರ ಪಟ್ಟಿಗೂ ಕಾಣದು. ಜಾತಿಯ ಅಂಕಣದ ದೋಷವನ್ನು ಭಾಷೆಯ ಅಂಕಣದಿಂದ ಸರಿಪಡಿಸಲಾಗದು, ದೊಡ್ಡದಾಗಿಸಬಹುದಷ್ಟೆ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆಡಳಿತದಲ್ಲಿ ಅದು ತರಗತಿಗೆ ಹತ್ತು ಅಥವಾ ಶಾಲೆಗೆ ನಲವತ್ತು ಮಕ್ಕಳೆಂಬ ರೂಢಿಯ ಮೂಲಕ ಜಾರಿಗೆ ಬರುವ, ಬೇಡಿಕೆಯನ್ನು ಅವಲಂಬಿಸಿದ ಹಕ್ಕು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಒತ್ತಾಯಿಸುವ ಪಾಲಕರಿದ್ದಾರೆ. ಅಲ್ಲಿ ಆ ಹಕ್ಕಿಗೆ ಜೀವವಿದೆ. ತೇನಿಯ ಮಗು ತಮಿಳನ್ನು ಬೀದಿಯಲ್ಲೇ ಕಲಿತು ಶಾಲೆಗೆ ಬರುತ್ತದೆ. ಪಾಠ ಅರ್ಥವಾಗದಿರುವುದು ಅದರ ಮುಖ್ಯ ತೊಡಕಲ್ಲ. ಆ ತೊಡಕು ಇಂದು ಹೆಚ್ಚಾಗಿ ಕಾಡುವುದು ಉತ್ತರ ಮತ್ತು ಪೂರ್ವ ಭಾರತದಿಂದ ಗಿರಣಿಗಳಿಗೆ ಬಂದ ಕಾರ್ಮಿಕರ ಮಕ್ಕಳನ್ನು. ಕಾಸರಗೋಡಿನ ವಾದವನ್ನು ಹಾಗೆಯೇ ಕಂಬಂಗೆ ತಂದರೆ ಕಣಿವೆಯ ಮಗುವಿಗೆ ಪ್ರಯೋಜನವಿಲ್ಲ. ಗಿರಣಿಯ ವಲಸೆ ಮಗುವಿಗೆ ಅನ್ಯಾಯವೂ ಆದೀತು.

ಹಾಗಾದರೆ ಭಾಷೆಯನ್ನು ಎಣಿಕೆಯಿಂದ ಬಿಟ್ಟುಬಿಡಬೇಕೇ? ಬಿಡಬೇಕಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಉತ್ತರಿಸಿದವರ ಮಾತೃಭಾಷೆಯನ್ನು ನಮೂದಿಸುವ ಅಂಕಣವಿದೆ. ಬಡತನದ ಸೂಚ್ಯಂಕವು ನಿಂತಿರುವುದು ಇದೇ ಸಮೀಕ್ಷೆಯ ಮೇಲೆ. ಆದರೂ ವಂಚನೆಯನ್ನು ಜಾತಿವರ್ಗ, ಭೂಮಿ, ಮಾತೃಭಾಷೆಗಳನ್ನು ಒಟ್ಟಿಗಿಟ್ಟು ವಿಂಗಡಿಸಿ ತೋರಿಸುವ ಕೋಷ್ಟಕಗಳು ಸೂಚ್ಯಂಕದ ವರದಿಯಲ್ಲಿಲ್ಲ. ಜಿಲ್ಲಾಮಟ್ಟದಲ್ಲಿ ಮಾದರಿಯ ಗಾತ್ರ ಸಾಲದೆಂಬ ಸಮಾಧಾನ ನಿಜವೇ. ರಾಜ್ಯಮಟ್ಟದಲ್ಲಿ ಆ ಅಡ್ಡಿ ಅಷ್ಟಿಲ್ಲ. ಒಂದೇ ಮನೆಮಾತಿನೊಳಗೆ ಅಸಮಾನತೆ ಎಷ್ಟಿದೆ ಎಂಬುದನ್ನು ಅರಿಯಲು ಭಾಷೆಯ ಅಂಕಣ ನೆರವಾಗಬೇಕು. ಸಮುದಾಯದ ಪರವಾಗಿ ಮಂಡಿಸುವ ಬೇಡಿಕೆಯ ಪಟ್ಟಿಗೆ ಇನ್ನೊಂದು ಸಾಲು ಸೇರಿಸುವುದಷ್ಟೇ ಅದರ ಕೆಲಸವಾಗಬಾರದು. ಭಾಷಾ ಅಲ್ಪಸಂಖ್ಯಾತರನ್ನು ಅಧ್ಯಯನ ಮಾಡುವ ಕೇಂದ್ರಗಳು ಈ ಕೋಷ್ಟಕಗಳನ್ನು ಕೇಳುವುದಾದರೆ, ಅವುಗಳ ಫಲಿತಾಂಶ ತಮ್ಮದೇ ಸಮುದಾಯದ ಉಳ್ಳವರಿಗೆ ಅಹಿತವಾಗಿದ್ದರೂ ಪ್ರಕಟಿಸುವ ಸಿದ್ಧತೆಯಿಂದಲೇ ಕೇಳಬೇಕಾಗುತ್ತದೆ.

5. ಉಪಸಂಹಾರ

2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಮುಖ್ಯಮಂತ್ರಿಗಳ ಉಪಾಹಾರ ಯೋಜನೆ ಆರಂಭವಾಯಿತು. 2023ರ ಆಗಸ್ಟಿನಲ್ಲಿ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ, ಮರುವರ್ಷ ಗ್ರಾಮಾಂತರದ ಅನುದಾನಿತ ಶಾಲೆಗಳಿಗೂ ಹಬ್ಬಿತು. ಕಂಬಂ ಕಣಿವೆಯ ಜೀಪುಗಳನ್ನು ಗಮನದಲ್ಲಿಟ್ಟು ರೂಪಿಸಿದ ಯೋಜನೆಯಲ್ಲ ಇದು. ಆದರೂ ತಾಯಿ ನಸುಕಿನಲ್ಲೇ ಹೊರಟುಹೋಗುವ ಮನೆಯ ಮಗುವಿಗೆ ಇದಕ್ಕಿಂತ ಸರಿಯಾದ ವೇಳೆಗೆ ಬಂದ ನೆರವು ಇನ್ನೊಂದಿಲ್ಲ. ಮಗುವಿನ ಜಾತಿಯನ್ನಾಗಲಿ, ಮನೆಮಾತನ್ನಾಗಲಿ, ತಾಯಿಯ ಕೂಲಿ ಯಾವ ರಾಜ್ಯದ್ದೆಂಬುದನ್ನಾಗಲಿ ಅದು ಕೇಳುವುದಿಲ್ಲ. ಮನೆಯೊಳಗಿನ ಮಗುವಿನ ದಿನ ಹೇಗೆ ಆರಂಭವಾಗುತ್ತದೆಂಬುದನ್ನು ನೀತಿಯು ಗಮನಿಸಿದರೆ ಏನಾಗಬಹುದೆಂಬುದಕ್ಕೆ ಇದೊಂದು ನಿದರ್ಶನ. ಸಾರ್ವತ್ರಿಕತೆಯ ಪರವಾದ ಎಲ್ಲ ವಾದಗಳಿಗಿಂತ ಈ ನಿದರ್ಶನ ಬಲವಾದುದು.

ಅದರ ಮಿತಿಯೂ ಅಷ್ಟೇ ಸ್ಪಷ್ಟ. ಉಪಾಹಾರ ದೊರೆಯುವುದು ಐದನೆಯ ತರಗತಿಯವರೆಗೆ. ಆರನೆಯ ತರಗತಿಗೆ ಕಾಲಿಟ್ಟ ಹುಡುಗಿಗೆ ಶಾಲೆ ಬೇರೆ, ದಾರಿ ದೂರ, ಮನೆಯಲ್ಲಿ ನೋಡಿಕೊಳ್ಳಬೇಕಾದ ತಮ್ಮ ತಂಗಿಯರು; ಹದಿನಾಲ್ಕಕ್ಕೆ ಶಾಲೆಯ ಕಾನೂನಿನ ಹಕ್ಕು ಮುಗಿಯುತ್ತದೆ, ಹದಿನೈದಕ್ಕೆ ಗಿರಣಿಯ ಬಾಗಿಲು ತೆರೆದಿರುತ್ತದೆ, ಕಾಲೇಜಿನ ನೆರವು ಹದಿನೇಳು ಹದಿನೆಂಟರ ಆಚೆಗಿದೆ. ತಮಿಳುನಾಡಿನ ಬಾಲಕಲ್ಯಾಣದ ನೀತಿಯನ್ನು ಇನ್ನು ಮುಂದೆ ಅಳೆಯಬೇಕಾದದ್ದು ಈ ನಡುವಿನ ವರ್ಷಗಳಲ್ಲಿ. ಆಕೆಯ ತಾಯಿಯ ಜೀಪು ಮಾತ್ರ ಈಗಲೂ ಅದೇ ಹೊತ್ತಿಗೆ ಹೊರಡುತ್ತದೆ.